ರಸೀದಿ ಇಲ್ಲದ ತೆರಿಗೆ

ಬೆಂಗಳೂರು ದುಬಾರಿ ನಗರ ಎಂಬ ಮಾತು ಯಾರಿಗೂ ಹೊಸದಲ್ಲ. ಆದರೆ ಈ ದುಬಾರಿತನದ ಸ್ವರೂಪವೇನು, ನಾವು ತೆರುತ್ತಿರುವ ಹಣ ಯಾರ ಕೈ ಸೇರುತ್ತಿದೆ ಎಂದು ಕೇಳಿಕೊಳ್ಳುವವರು ಕಡಿಮೆ. ಪಾಲಿಕೆಗೆ ಕಟ್ಟುವ ಆಸ್ತಿ ತೆರಿಗೆ, ಜಲಮಂಡಳಿಗೆ ಕಟ್ಟುವ ನೀರಿನ ಶುಲ್ಕ, ಬಸ್ಸಿನ ಟಿಕೆಟ್ಟಿನ ಹಣ ಇವಿಷ್ಟನ್ನೇ ಕೂಡಿ ನೋಡಿದರೆ ಇಲ್ಲಿನ ಬದುಕು ಅಷ್ಟೇನೂ ತುಟ್ಟಿಯಲ್ಲ. ಆದರೂ ತಿಂಗಳ ಕೊನೆಯ ವಾರ ಬರುವ ಹೊತ್ತಿಗೆ ಸಂಬಳದಾರರ ಮನೆಗಳಲ್ಲಿ ಕೈ ಬರಿದಾಗಿರುತ್ತದೆ. ದಿನಗೂಲಿಯ ಮನೆಗಳಲ್ಲಂತೂ ತಿಂಗಳ ಮೊದಲ ವಾರಕ್ಕೂ ಕೊನೆಯ ವಾರಕ್ಕೂ ವ್ಯತ್ಯಾಸವೇ ಇರುವುದಿಲ್ಲ.

ಇದಕ್ಕೆ ಕಾರಣವನ್ನು ಹುಡುಕಲು ದೊಡ್ಡ ಅರ್ಥಶಾಸ್ತ್ರ ಬೇಕಾಗಿಲ್ಲ. ಈ ನಗರದ ನಿವಾಸಿಗಳು ಎರಡು ಬಗೆಯ ತೆರಿಗೆ ಕೊಡುತ್ತಿದ್ದಾರೆ. ಒಂದು, ಕಾನೂನಿನ ಪ್ರಕಾರ ವಿಧಿಸಿ, ರಸೀದಿ ಕೊಟ್ಟು ವಸೂಲು ಮಾಡುವ ತೆರಿಗೆ. ಇನ್ನೊಂದು, ಸಾರ್ವಜನಿಕ ವ್ಯವಸ್ಥೆ ಒದಗಿಸಬೇಕಾಗಿದ್ದನ್ನು ಒದಗಿಸದೆ ಇರುವುದರಿಂದ ಪ್ರತಿ ಮನೆಯೂ ತನ್ನ ಪಾಡಿಗೆ ತಾನು ಮಾಡಿಕೊಳ್ಳಬೇಕಾಗಿರುವ ಖರ್ಚು. ಟ್ಯಾಂಕರಿನ ನೀರು, ಯುಪಿಎಸ್‌ನ ಬ್ಯಾಟರಿ, ಬಾಡಿಗೆಯ ಮುಂಗಡ, ಸಿಗ್ನಲ್‌ನಲ್ಲಿ ಉರಿದುಹೋಗುವ ಪೆಟ್ರೋಲು, ರಸ್ತೆಯ ಮೇಲೆ ಕಳೆದುಹೋಗುವ ಗಂಟೆಗಳು ಎಲ್ಲವೂ ಈ ಎರಡನೆಯ ಬಗೆಗೆ ಸೇರಿದವು. ಇದನ್ನು ನಾನು ರಸೀದಿ ಇಲ್ಲದ ತೆರಿಗೆ ಎಂದು ಕರೆಯುತ್ತೇನೆ. ಮೊದಲನೆಯ ತೆರಿಗೆ ಏರಿದರೆ ಪ್ರತಿಭಟನೆ ನಡೆಯುತ್ತದೆ, ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ, ಸಚಿವರು ಉತ್ತರ ಹೇಳಬೇಕಾಗುತ್ತದೆ. ಎರಡನೆಯದು ಎಷ್ಟೇ ಏರಿದರೂ ಕೇಳುವವರಿಲ್ಲ. ಅದನ್ನು ವಿಧಿಸಿದವರು ಯಾರೂ ಇಲ್ಲದಿರುವುದರಿಂದ ಅದಕ್ಕೆ ಉತ್ತರ ಹೇಳಬೇಕಾದವರೂ ಇಲ್ಲ.

ಮೂವತ್ತನಾಲ್ಕು ವರ್ಷ ಸರ್ಕಾರಿ ಸೇವೆಯಲ್ಲಿದ್ದು, ಅದರಲ್ಲಿ ಅರ್ಧದಷ್ಟನ್ನು ಜಿಲ್ಲೆಗಳಲ್ಲಿಯೂ ಉಳಿದದ್ದನ್ನು ಬೆಂಗಳೂರಿನ ಕಚೇರಿಗಳಲ್ಲಿಯೂ ಕಳೆದವನು ನಾನು. ನಿವೃತ್ತಿಯ ನಂತರ ಮನೆಯ ಖರ್ಚುವೆಚ್ಚದ ಪುಸ್ತಕ ಬರೆಯುವ ಹೊಣೆ ನನ್ನ ಪಾಲಿಗೆ ಬಂದಿದೆ. ಅರ್ಥಶಾಸ್ತ್ರದ ಹಳೆಯ ವಿದ್ಯಾರ್ಥಿಯ ಚಾಳಿಯಿಂದ ಅದರಲ್ಲಿ ಎರಡು ಕಾಲಂ ಮಾಡಿಕೊಂಡೆ. ಒಂದರಲ್ಲಿ ಸರ್ಕಾರ ಮತ್ತು ಅದರ ಸಂಸ್ಥೆಗಳಿಗೆ ಕಟ್ಟಿದ್ದು, ಮತ್ತೊಂದರಲ್ಲಿ ಅವು ಮಾಡಬೇಕಾದ ಕೆಲಸವನ್ನು ನಾವೇ ಮಾಡಿಕೊಳ್ಳಲು ಖರ್ಚಾದದ್ದು. ಯಾವ ತಿಂಗಳ ಲೆಕ್ಕ ನೋಡಿದರೂ ಎರಡನೆಯ ಕಾಲಂನದೇ ಮೇಲುಗೈ. ಸ್ವಂತ ಮನೆಯಿರುವ ಪಿಂಚಣಿದಾರನ ಪಾಡೇ ಹೀಗಿರುವಾಗ ಉಳಿದವರ ಪಾಡನ್ನು ಊಹಿಸಬಹುದು.

ನೀರಿನ ಲೆಕ್ಕ

ಮೊದಲು ನೀರನ್ನೇ ತೆಗೆದುಕೊಳ್ಳೋಣ. ಜೀವನದಿಯೊಂದರ ದಂಡೆಯ ಮೇಲೆ ಹುಟ್ಟದ ದೊಡ್ಡ ನಗರಗಳ ಪೈಕಿ ಬೆಂಗಳೂರೂ ಒಂದು. ಕೆರೆಗಳನ್ನೇ ನೆಚ್ಚಿದ್ದ ಊರಿಗೆ 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿಯ ನೀರು ಬಂತು. 1974ರಲ್ಲಿ ಕಾವೇರಿ ಮೊದಲ ಹಂತ ಪೂರ್ಣಗೊಂಡಿತು. ಅಂದಿನಿಂದ ಇಂದಿನವರೆಗೆ ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ನೀರು ತರುತ್ತಿದ್ದೇವೆ. ಜಲಮಂಡಳಿಯ ಖರ್ಚಿನಲ್ಲಿ ವಿದ್ಯುತ್ತಿನದೇ ದೊಡ್ಡ ಪಾಲು. ಹೀಗೆ ಕಷ್ಟಪಟ್ಟು ತಂದ ನೀರಿನ ದರವನ್ನು 2014ರ ನವೆಂಬರ್‌ನಲ್ಲಿ ಪರಿಷ್ಕರಿಸಿದ ಮೇಲೆ 2025ರ ಏಪ್ರಿಲ್‌ವರೆಗೆ ಮುಟ್ಟಲಿಲ್ಲ. ಗೃಹಬಳಕೆಯ ಮೊದಲ ಎಂಟು ಸಾವಿರ ಲೀಟರಿಗೆ ಸಾವಿರ ಲೀಟರಿಗೆ ಏಳು ರೂಪಾಯಿಯಂತೆ ಹತ್ತು ವರ್ಷ ಒಂದೇ ದರ ಇತ್ತು. ದರ ಏರಿಸದೆ ಇರುವುದು ಜನಪರ ನಿಲುವು ಎಂದು ಎಲ್ಲ ಪಕ್ಷಗಳೂ ಭಾವಿಸಿದ್ದವು.

ಆದರೆ ಆ ಏಳು ರೂಪಾಯಿಯ ನೀರು ಯಾರಿಗೆ ಸಿಗುತ್ತಿತ್ತು? ಕೊಳವೆ ಇದ್ದವರಿಗೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಸುತ್ತಲಿನ 110 ಹಳ್ಳಿಗಳು ನಗರಕ್ಕೆ ಸೇರಿದವು. ಅಲ್ಲಿ ಬಡಾವಣೆಗಳೆದ್ದವು, ಅಪಾರ್ಟ್‌ಮೆಂಟುಗಳೆದ್ದವು, ಕಂಪನಿಗಳು ಬಂದವು. ಆ ಪ್ರದೇಶಕ್ಕೆಂದು ರೂಪಿಸಿದ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ್ದು, ಲೋಕಾರ್ಪಣೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ ಹದಿನೇಳು ವರ್ಷ. ಒಂದು ಮಗು ಹುಟ್ಟಿ ಪಿಯುಸಿ ಓದುವಷ್ಟು ಕಾಲ. ಅಷ್ಟು ಕಾಲ ಅಲ್ಲಿನ ಬಹುತೇಕ ಮನೆಗಳಿಗೆ ನೀರು ಒದಗಿಸಿದ್ದು ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಮತ್ತು ಟ್ಯಾಂಕರುಗಳು.

2024ರ ಬೇಸಿಗೆಯಲ್ಲಿ ಈ ವ್ಯವಸ್ಥೆಯ ನಿಜ ಬಣ್ಣ ಬಯಲಾಯಿತು. ನಗರದಲ್ಲಿದ್ದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬತ್ತಿಹೋದವು. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರಿಗೆ ಎರಡು ಸಾವಿರ ರೂಪಾಯಿ ಕೇಳುವ ಪರಿಸ್ಥಿತಿ ಬಂತು. ಜಿಲ್ಲಾಡಳಿತ ಮಧ್ಯೆ ಪ್ರವೇಶಿಸಿ ಐದು ಕಿಲೋಮೀಟರ್ ಒಳಗಿನ ಅಂತರಕ್ಕೆ ಒಂದು ಸಾವಿರ ರೂಪಾಯಿ ಎಂದು ದರ ನಿಗದಿ ಮಾಡಿತು. ಈ ನಿಗದಿತ ದರದಲ್ಲಿಯೇ ಲೆಕ್ಕ ಹಾಕಿದರೂ ಸಾವಿರ ಲೀಟರಿಗೆ 83 ರೂಪಾಯಿ ಆಯಿತು. ಅಂದರೆ ಕೊಳವೆ ಇದ್ದವರು ಕೊಡುತ್ತಿದ್ದ ಕನಿಷ್ಠ ದರದ ಹನ್ನೆರಡು ಪಟ್ಟು. ಇನ್ನೂ ಕೆಳಗಿನ ಮೆಟ್ಟಿಲಿನವರು ಟ್ಯಾಂಕರ್ ತರಿಸಲಾರರು. ಅವರು ಶುದ್ಧ ನೀರಿನ ಘಟಕದ ಮುಂದೆ ಸಾಲು ನಿಂತು ಇಪ್ಪತ್ತು ಲೀಟರಿನ ಕ್ಯಾನಿಗೆ ಐದು ರೂಪಾಯಿ ಹಾಕುತ್ತಾರೆ. ಕುಡಿಯುವುದಕ್ಕೆ ಮಾತ್ರ ಬಳಸುವ ನೀರು ಅದು, ನಿಜ. ಆದರೆ ಸಾವಿರ ಲೀಟರಿನ ಲೆಕ್ಕದಲ್ಲಿ ಅದು 250 ರೂಪಾಯಿ, ಅಂದಿನ ಕೊಳವೆ ನೀರಿನ ಕನಿಷ್ಠ ದರದ ಮೂವತ್ತೈದು ಪಟ್ಟು. ಆದಾಯ ಇಳಿದಂತೆ ದರ ಏರುವ ತೆರಿಗೆಯನ್ನು ಯಾವುದಾದರೂ ಸರ್ಕಾರ ಬಜೆಟ್ಟಿನಲ್ಲಿ ಮಂಡಿಸಿದ್ದರೆ ವಿಧಾನಸೌಧದ ಮುಂದೆ ಏನಾಗುತ್ತಿತ್ತು ಎಂಬುದನ್ನು ಓದುಗರೇ ಯೋಚಿಸಬೇಕು. ಬಜೆಟ್ಟಿನಲ್ಲಿ ಇಲ್ಲದೆಯೇ ಅಂತಹ ತೆರಿಗೆ ಇಲ್ಲಿ ಹದಿನೇಳು ವರ್ಷ ಜಾರಿಯಲ್ಲಿತ್ತು.

ಮುಂಗಡದ ಮರೆಯಲ್ಲಿ

ಎರಡನೆಯದು ಮನೆ ಬಾಡಿಗೆ. ನನ್ನ ಸೋದರಳಿಯನೊಬ್ಬ ಹಾಸನದಿಂದ ಬಂದು ಇಲ್ಲಿ ಕೆಲಸಕ್ಕೆ ಸೇರಿದ. ಮದುವೆಯಾದ ಮೇಲೆ ಎರಡು ಕೋಣೆಯ ಮನೆ ಹುಡುಕಿದ. ಬಾಡಿಗೆ 25 ಸಾವಿರ, ಮುಂಗಡ ಹತ್ತು ತಿಂಗಳದ್ದು, ಅಂದರೆ ಎರಡೂವರೆ ಲಕ್ಷ. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗದ ಹುಡುಗನ ಬಳಿ ಅಷ್ಟು ನಗದು ಎಲ್ಲಿಂದ ಬರಬೇಕು? ಊರಿನಲ್ಲಿದ್ದ ಅವನ ತಾಯಿ, ಅಂದರೆ ನನ್ನ ತಂಗಿ, ಬಳೆಗಳನ್ನು ಒತ್ತೆಯಿಟ್ಟು ಹಣ ಹೊಂದಿಸಿದಳು. ಈ ಸಂಗತಿ ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ನಂತರ.

ಈ ಮುಂಗಡವನ್ನು ಎಲ್ಲರೂ ವಾಪಸು ಬರುವ ಹಣ ಎಂದುಕೊಳ್ಳುತ್ತಾರೆ, ಆದ್ದರಿಂದ ಖರ್ಚಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಎರಡೂವರೆ ಲಕ್ಷವನ್ನು ಶೇ 7ರ ಬಡ್ಡಿಗೆ ಠೇವಣಿ ಇಟ್ಟಿದ್ದರೂ ವರ್ಷಕ್ಕೆ 17,500 ರೂಪಾಯಿ ಬರುತ್ತಿತ್ತು. ಅಂದರೆ ತಿಂಗಳಿಗೆ ಸುಮಾರು 1,450 ರೂಪಾಯಿಯ ಕಾಣದ ಬಾಡಿಗೆ. ಒಡವೆ ಅಡವಿಟ್ಟು ತಂದ ಹಣವಾದರೆ ಬಡ್ಡಿ ಇನ್ನೂ ಹೆಚ್ಚು. ಮನೆ ಬಿಡುವಾಗ ಬಣ್ಣ ಹೊಡೆಸಲು ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಈ ಊರಿನ ಅಲಿಖಿತ ಪದ್ಧತಿ. ಕರಾರು ಹನ್ನೊಂದು ತಿಂಗಳಿಗೆ. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯವಾಗುತ್ತದೆ ಎಂಬ ಕಾರಣಕ್ಕೆ ಹುಟ್ಟಿದ ಹನ್ನೊಂದು ಅದು. ಕೇಂದ್ರ ಸರ್ಕಾರ 2021ರಲ್ಲಿ ಅನುಮೋದಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು ಎಂದಿದೆ. ಮಾದರಿ ಕಾಯ್ದೆ ರಾಜ್ಯಗಳಿಗೆ ಕೊಟ್ಟ ಸಲಹೆಯೇ ಹೊರತು ತಾನಾಗಿಯೇ ಜಾರಿಗೆ ಬರುವ ಕಾನೂನಲ್ಲ. ಬಾಡಿಗೆ ಮನೆ ಹುಡುಕುತ್ತಾ ಬೀದಿ ಬೀದಿ ಅಲೆಯುವವರ ಪಾಲಿಗೆ ಕಾನೂನಿಗಿಂತ ಊರಿನ ಪದ್ಧತಿಯೇ ದೊಡ್ಡದು.

ರಸ್ತೆಯಲ್ಲಿ ಕರಗುವ ಕಾಲ

ಮೂರನೆಯದು ಕಾಲ. 2019ರ ಟಾಮ್‌ಟಾಮ್ ಸಂಚಾರ ಸೂಚ್ಯಂಕದಲ್ಲಿ ಬೆಂಗಳೂರು ಪ್ರಪಂಚದಲ್ಲಿಯೇ ಅತಿ ದಟ್ಟಣೆಯ ನಗರ ಎನಿಸಿಕೊಂಡಿತು. ಖಾಲಿ ರಸ್ತೆಯಲ್ಲಿ ತಗಲುವುದಕ್ಕಿಂತ ಸರಾಸರಿ ಶೇ 71ರಷ್ಟು ಹೆಚ್ಚು ಸಮಯ ಇಲ್ಲಿ ಬೇಕಾಗುತ್ತಿತ್ತು. 2024ರ ಸೂಚ್ಯಂಕದಲ್ಲಿ ಹತ್ತು ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ. ನಗರದ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿ ಮುಂದೆ ಹೋಗಿದೆ. ಬಿಎಂಟಿಸಿ ಬಸ್ಸುಗಳು ಏಳು ಸಾವಿರದ ಆಸುಪಾಸು.

ದಿನಕ್ಕೆ ಎರಡು ಗಂಟೆ ಪ್ರಯಾಣದಲ್ಲಿ ಕಳೆಯುವ ಒಬ್ಬ ನೌಕರರನ್ನು ಕಲ್ಪಿಸಿಕೊಳ್ಳೋಣ. ವರ್ಷಕ್ಕೆ 300 ಕೆಲಸದ ದಿನ ಎಂದರೆ 600 ಗಂಟೆ. ದಿನಕ್ಕೆ ಎಂಟು ಗಂಟೆ ಕೆಲಸದ ಲೆಕ್ಕದಲ್ಲಿ ಅದು 75 ದಿನ. ವರ್ಷಕ್ಕೆ ಎರಡೂವರೆ ತಿಂಗಳು ಸಂಬಳವಿಲ್ಲದೆ ದುಡಿದಂತೆ. ಆ ದುಡಿಮೆಯಿಂದ ಯಾರಿಗೂ ಏನೂ ಉತ್ಪತ್ತಿಯಾಗಲಿಲ್ಲ ಎಂಬುದು ಇನ್ನೂ ದೊಡ್ಡ ನಷ್ಟ. ತೆರಿಗೆ ಹಣ ಎಷ್ಟೇ ಪೋಲಾದರೂ ಒಂದಿಷ್ಟು ಯಾರದೋ ಜೇಬು ಸೇರುತ್ತದೆ. ರಸ್ತೆಯಲ್ಲಿ ಕರಗಿದ ಗಂಟೆ ಯಾರ ಜೇಬಿಗೂ ಹೋಗುವುದಿಲ್ಲ.

ಈ ವಿಷಯದಲ್ಲಿ ನಮ್ಮ ದರನೀತಿಯೂ ತಲೆಕೆಳಗಾಗಿದೆ. 2025ರ ಫೆಬ್ರುವರಿಯಲ್ಲಿ ಮೆಟ್ರೊ ಪ್ರಯಾಣದ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ಅದಕ್ಕೂ ಮುಂಚೆ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತ್ತು. ಕಾರನ್ನು ಹಗಲೂ ರಾತ್ರಿ ರಸ್ತೆಬದಿಯಲ್ಲಿ ನಿಲ್ಲಿಸುವವರು ಮಾತ್ರ ಬಹುಪಾಲು ಬೀದಿಗಳಲ್ಲಿ ಒಂದು ಕಾಸೂ ಕೊಡಬೇಕಾಗಿಲ್ಲ. ಊರಿನ ರಸ್ತೆಯಲ್ಲಿ ಅತಿ ಕಡಿಮೆ ಜಾಗ ಬಳಸುವವರಿಂದ ಹೆಚ್ಚು ವಸೂಲು ಮಾಡಿ, ಅತಿ ಹೆಚ್ಚು ಜಾಗ ಬಳಸುವವರಿಗೆ ಉಚಿತವಾಗಿ ಬಿಟ್ಟಿದ್ದೇವೆ. ಸಿಂಗಪುರ 1975ರಲ್ಲಿಯೇ ನಗರ ಕೇಂದ್ರಕ್ಕೆ ಬರುವ ಕಾರುಗಳಿಗೆ ಶುಲ್ಕ ವಿಧಿಸಿತು, ಲಂಡನ್ 2003ರಲ್ಲಿ ವಿಧಿಸಿತು. ಬಸ್ಸು ಮೆಟ್ರೊಗಳು ಸಾಕಷ್ಟಿಲ್ಲದ ಊರಿನಲ್ಲಿ ಅವರನ್ನು ಅನುಕರಿಸುವುದು ಅನ್ಯಾಯವಾದೀತು. ಆದರೆ ರಸ್ತೆಯ ಜಾಗಕ್ಕೂ ಬೆಲೆಯಿದೆ, ಅದನ್ನು ಬಳಸಿದವರು ಕೊಡಬೇಕು ಎಂಬ ತತ್ವವನ್ನಾದರೂ ನಾವು ಒಪ್ಪಬೇಕಾಗಿದೆ.

ಲಾಭ ಯಾರಿಗೆ?

ಇಷ್ಟೆಲ್ಲ ಹಣ ಹರಿದು ಕೊನೆಗೆ ಎಲ್ಲಿ ನಿಲ್ಲುತ್ತದೆ? ಒಂದಷ್ಟು ಟ್ಯಾಂಕರಿನವರಿಗೆ, ಒಂದಷ್ಟು ತೈಲ ಕಂಪನಿಗಳಿಗೆ. ಬಹುಪಾಲು ಬಂದು ಸೇರುವುದು ಭೂಮಿಯ ಬೆಲೆಗೆ. ಅಮೆರಿಕದ ಹೆನ್ರಿ ಜಾರ್ಜ್ 1879ರಲ್ಲಿ ಪ್ರಕಟಿಸಿದ ‘ಪ್ರೋಗ್ರೆಸ್ ಅಂಡ್ ಪಾವರ್ಟಿ’ ಗ್ರಂಥದಲ್ಲಿ ಈ ವಾದವನ್ನು ವಿಸ್ತಾರವಾಗಿ ಮಂಡಿಸಿದ್ದ. ನಗರ ಬೆಳೆದಂತೆ ಅದರ ಲಾಭವನ್ನು ದುಡಿಯುವವರಿಗಿಂತ ಹೆಚ್ಚಾಗಿ ಭೂಮಿಯ ಒಡೆಯರು ಹೀರಿಕೊಳ್ಳುತ್ತಾರೆ ಎಂಬುದು ಅದರ ತಿರುಳು. ಬೆಂಗಳೂರಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮೆಟ್ರೊ ಮಾರ್ಗ ಪ್ರಕಟವಾದ ದಿನದಿಂದ ಅದರ ಅಕ್ಕಪಕ್ಕದ ನಿವೇಶನಗಳ ಬೆಲೆ ಏರುತ್ತದೆ. ಮಾರ್ಗ ನಿರ್ಮಾಣವಾಗುವ ಐದಾರು ವರ್ಷ ಅಲ್ಲಿನ ಬಾಡಿಗೆದಾರರು ದೂಳು ಕುಡಿಯುತ್ತಾರೆ. ರೈಲು ಓಡತೊಡಗಿದಾಗ ಬಾಡಿಗೆ ಏರಿ, ಅವರು ಇನ್ನೂ ದೂರದ ಬಡಾವಣೆಗೆ ಹೋಗುತ್ತಾರೆ. ತೆರಿಗೆ ಹಣದಿಂದ ಮೂಡಿದ ಮೌಲ್ಯ ಖಾಸಗಿಯವರ ಖಾತೆಗೆ ಜಮೆಯಾಗುತ್ತದೆ.

ನಾನೂ ಈ ಲಾಭದ ಪಾಲುದಾರನೇ. ತೊಂಬತ್ತರ ದಶಕದಲ್ಲಿ ಸರ್ಕಾರಿ ನೌಕರರ ಸಾಲ ತೆಗೆದು ಕಂತು ಕಟ್ಟಿ ಪಡೆದ 30–40ರ ನಿವೇಶನದ ಇಂದಿನ ಬೆಲೆ, ನಾನು ಇಡೀ ಸೇವಾವಧಿಯಲ್ಲಿ ಪಡೆದ ಸಂಬಳವನ್ನೆಲ್ಲ ಕೂಡಿದರೂ ಅದಕ್ಕಿಂತ ಹೆಚ್ಚು. ಆ ಬೆಲೆ ಏರಲು ನಾನು ಮಾಡಿದ್ದು ಏನೂ ಇಲ್ಲ. ಸುತ್ತ ಊರು ಬೆಳೆಯಿತು, ಅಷ್ಟೇ. ನನ್ನ ತಲೆಮಾರಿಗೆ ಸಂಬಳದಲ್ಲಿ ಸೂರು ಮಾಡಿಕೊಳ್ಳಲು ಸಾಧ್ಯವಾಯಿತು. ನನ್ನ ಸೋದರಳಿಯನ ತಲೆಮಾರಿಗೆ ಮುಂಗಡಕ್ಕೇ ತಾಯಿಯ ಬಳೆ ಬೇಕಾಯಿತು. ಇಬ್ಬರೂ ಓದಿದವರು, ಇಬ್ಬರೂ ದುಡಿಯುವವರು. ನಡುವೆ ಬದಲಾದದ್ದು ಭೂಮಿಯ ಬೆಲೆ.

ಇನ್ನು ನಮ್ಮ ಬೀದಿಯ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಗಳ ವಿಷಯ. ಯಾದಗಿರಿ ಜಿಲ್ಲೆಯಿಂದ ಗಂಡನ ಗಾರೆ ಕೆಲಸದ ಬೆನ್ನುಹತ್ತಿ ಬಂದವಳು. ಖಾಲಿ ನಿವೇಶನದಲ್ಲಿ ಹಾಕಿದ ತಗಡಿನ ಶೆಡ್ಡಿಗೆ ಬಾಡಿಗೆ ಕೊಡುತ್ತಾಳೆ. ನೀರನ್ನು ಬಿಂದಿಗೆ ಲೆಕ್ಕದಲ್ಲಿ ಕೊಳ್ಳುತ್ತಾಳೆ. ಪಾಲಿಕೆಯ ಕಡತದಲ್ಲಿ ಅವಳು ತೆರಿಗೆದಾರಳಲ್ಲ. ಆದರೆ ಆದಾಯದ ಪ್ರಮಾಣದಲ್ಲಿ ನೋಡಿದರೆ ನಮ್ಮ ಬೀದಿಯಲ್ಲಿ ಅತಿ ಹೆಚ್ಚು ತೆರಿಗೆ ಕೊಡುವವಳು ಅವಳೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮಾತ್ರ ಒಂದು ಬದಲಾವಣೆಯಾಯಿತು. ಅಲ್ಲಿಯವರೆಗೆ ನಡೆದು ಬರುತ್ತಿದ್ದವಳು ಬಸ್ಸಿನಲ್ಲಿ ಬರತೊಡಗಿದಳು. ಇನ್ನೊಂದು ಬಡಾವಣೆಯಲ್ಲಿ ಎರಡು ಮನೆ ಹೆಚ್ಚು ಹಿಡಿದಳು. ಉಚಿತ ಪ್ರಯಾಣದ ಸಾಧಕ ಬಾಧಕಗಳ ಬಗ್ಗೆ ವಾದಿಸಲು ನನ್ನಲ್ಲೂ ಅಂಶಗಳಿವೆ, ಬಸ್ಸುಗಳ ಸಂಖ್ಯೆ ಅದಕ್ಕೆ ತಕ್ಕಂತೆ ಏರಬೇಕಿತ್ತು ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಆದರೆ ಸಾರ್ವಜನಿಕ ಸೇವೆಯೊಂದು ಕೈಗೆಟುಕಿದೊಡನೆ ರಸೀದಿ ಇಲ್ಲದ ತೆರಿಗೆ ಹೇಗೆ ಕಡಿಮೆಯಾಗುತ್ತದೆ ಎಂಬುದಕ್ಕೆ ಅವಳಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಏಕೆ ಬದಲಾಗುವುದಿಲ್ಲ?

ಇಷ್ಟು ದುಬಾರಿಯಾದ ವ್ಯವಸ್ಥೆ ಇಷ್ಟು ಕಾಲ ಹೇಗೆ ಉಳಿದಿದೆ? ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಬರೆದ ಪುಸ್ತಕವೊಂದರಲ್ಲಿ ಇದಕ್ಕೆ ಸುಳಿವಿದೆ. ಸಂಸ್ಥೆಯೊಂದು ಕೆಟ್ಟಾಗ ಅದರ ಬಳಕೆದಾರರ ಮುಂದೆ ಎರಡು ದಾರಿಗಳಿರುತ್ತವೆ: ದನಿ ಎತ್ತುವುದು ಅಥವಾ ಬಿಟ್ಟು ಹೋಗುವುದು. ಬಿಟ್ಟು ಹೋಗಲು ಶಕ್ತಿಯಿರುವವರು ಸಾಮಾನ್ಯವಾಗಿ ದನಿ ಎತ್ತಲೂ ಶಕ್ತಿಯಿರುವವರೇ ಆಗಿರುತ್ತಾರೆ. ಅವರು ಹೊರಟುಹೋದರೆ ಸಂಸ್ಥೆ ಸುಧಾರಿಸಬೇಕಾದ ಒತ್ತಡವೇ ಇಲ್ಲವಾಗುತ್ತದೆ.

ಬೆಂಗಳೂರಿನ ಮಧ್ಯಮ ವರ್ಗ ಊರು ಬಿಟ್ಟು ಹೋಗಿಲ್ಲ, ಊರಿನೊಳಗಿದ್ದುಕೊಂಡೇ ಸಾರ್ವಜನಿಕ ವ್ಯವಸ್ಥೆಯಿಂದ ಹೊರಗೆ ಹೋಗಿದೆ. ಮೊದಲು ಸರ್ಕಾರಿ ಶಾಲೆಯಿಂದ, ಅನಂತರ ಸರ್ಕಾರಿ ಆಸ್ಪತ್ರೆಯಿಂದ, ಅನಂತರ ಬಸ್ಸಿನಿಂದ, ಕೊನೆಗೆ ನಲ್ಲಿಯಿಂದ. ಇಂದು ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯವೆಂದರೆ ಕಾಂಪೌಂಡು ಹಾಕಿಕೊಂಡ ಒಂದು ಪುಟ್ಟ ಪುರಸಭೆ. ಸ್ವಂತ ಕೊಳವೆಬಾವಿ, ಸ್ವಂತ ಜನರೇಟರ್, ಸ್ವಂತ ಕೊಳಚೆ ಸಂಸ್ಕರಣಾ ಘಟಕ, ಸ್ವಂತ ಕಾವಲುಗಾರರು, ಸ್ವಂತ ಉದ್ಯಾನ. ಅದರ ನಿರ್ವಹಣಾ ಶುಲ್ಕ ಎಷ್ಟೋ ಸಲ ಆಸ್ತಿ ತೆರಿಗೆಯ ಹಲವು ಪಟ್ಟು. ಅದನ್ನು ಗೊಣಗದೆ ಕಟ್ಟುವವರು ಆಸ್ತಿ ತೆರಿಗೆ ಏರಿದರೆ ನ್ಯಾಯಾಲಯಕ್ಕೆ ಹೋಗುತ್ತಾರೆ. ಅವರನ್ನು ದೂಷಿಸಿ ಪ್ರಯೋಜನವಿಲ್ಲ. ನಿರ್ವಹಣಾ ಶುಲ್ಕ ಏನಾಯಿತು ಎಂದು ವಾರ್ಷಿಕ ಸಭೆಯಲ್ಲಿ ಕೇಳಬಹುದು, ತೆರಿಗೆ ಏನಾಯಿತು ಎಂದು ಕೇಳುವ ಜಾಗವೇ ಇಲ್ಲ. ಆದರೆ ಕಾಂಪೌಂಡಿನೊಳಗಿನ ನೆಮ್ಮದಿಯೂ ಶಾಶ್ವತವಲ್ಲ. 2022ರ ಸೆಪ್ಟೆಂಬರ್‌ನ ಮಳೆಯಲ್ಲಿ ಹೊರವರ್ತುಲ ರಸ್ತೆಯ ಸುತ್ತಮುತ್ತ ಐಷಾರಾಮಿ ವಿಲ್ಲಾಗಳ ನಿವಾಸಿಗಳನ್ನೂ ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ರಾಜಕಾಲುವೆಯನ್ನು ಯಾವ ನಿವಾಸಿಗಳ ಸಂಘವೂ ಸ್ವಂತಕ್ಕೆ ಕಟ್ಟಿಸಿಕೊಳ್ಳಲಾರದು.

ಕೇಳುವ ಜಾಗವಿಲ್ಲ ಎಂದೆ. ಇದು ಆಲಂಕಾರಿಕ ಮಾತಲ್ಲ. 2006ರ ನವೆಂಬರ್‌ನಲ್ಲಿ ಅಂದಿನ ಮಹಾನಗರಪಾಲಿಕೆಯ ಅವಧಿ ಮುಗಿಯಿತು, ಮುಂದಿನ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಮತ್ತೆ ಅವಧಿ ಮುಗಿಯಿತು. ಆಮೇಲೆ ಪೂರ್ತಿ ಐದು ವರ್ಷ ನಗರವನ್ನು ಆಡಳಿತಾಧಿಕಾರಿಗಳೇ ನಡೆಸಿದರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಇದ್ದ ಜಾಗದಲ್ಲಿ ಐದು ನಗರಪಾಲಿಕೆಗಳೂ ಅವುಗಳ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಬಂದವು. ಆ ಹೊತ್ತಿಗೂ ಒಬ್ಬ ಚುನಾಯಿತ ಸದಸ್ಯರೂ ಇರಲಿಲ್ಲ. ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದು ಮೂರು ದಶಕ ದಾಟಿದ ರಾಜ್ಯದ ರಾಜಧಾನಿಯ ಸ್ಥಿತಿ ಇದು.

ಆಡಳಿತಾಧಿಕಾರಿಗಳಲ್ಲಿ ದಕ್ಷರೂ ಪ್ರಾಮಾಣಿಕರೂ ಇದ್ದರು. ಆ ವ್ಯವಸ್ಥೆಯ ಒಳಗಿದ್ದವನಾಗಿ ಅದನ್ನು ಹೇಳಬೇಕಾದದ್ದು ನನ್ನ ಕರ್ತವ್ಯ. ಆದರೆ ಅಧಿಕಾರಿಗೆ ಮೇಲಿನಿಂದ ಬರುವ ದೂರವಾಣಿ ಕೇಳಿಸುವಷ್ಟು ಸ್ಪಷ್ಟವಾಗಿ ಕೆಳಗಿನಿಂದ ಬರುವ ಕೂಗು ಕೇಳಿಸುವುದಿಲ್ಲ. ನೆಲದಡಿಯ ಕೊಳವೆಗೆ ಉದ್ಘಾಟನೆಯಿಲ್ಲ, ಮೇಲ್ಸೇತುವೆಗೆ ಇದೆ. ಯೋಜನಾ ವೆಚ್ಚದ ಪಟ್ಟಿ ತಯಾರಾಗುವಾಗ ಯಾವುದು ಮೇಲೆ ಹೋಗುತ್ತದೆ, ಯಾವುದು ‘ಮುಂದಿನ ಸಾಲಿಗೆ’ ಎಂಬ ಷರಾದೊಂದಿಗೆ ಹಿಂದಿರುಗುತ್ತದೆ ಎಂಬುದನ್ನು ಎಷ್ಟೋ ವರ್ಷ ನೋಡಿದ್ದೇನೆ. ಕೊಳವೆ ಒಂದು ವರ್ಷ ತಡವಾದರೆ ಸರ್ಕಾರದ ಲೆಕ್ಕದಲ್ಲಿ ಅದು ಉಳಿತಾಯ. ಆ ಒಂದು ವರ್ಷದಲ್ಲಿ ಜನ ಟ್ಯಾಂಕರಿಗೆ ಸುರಿದ ಹಣ ಯಾವ ಕಡತದಲ್ಲಿಯೂ ನಮೂದಾಗುವುದಿಲ್ಲ. ಹೊರ ವರ್ತುಲ ರಸ್ತೆಯ ಆಚೆಗೆಂದು 2000ದ ದಶಕದ ಮಧ್ಯಭಾಗದಲ್ಲಿ ಅಧಿಸೂಚನೆಯಾದ ಪೆರಿಫೆರಲ್ ರಿಂಗ್ ರಸ್ತೆ ಇಂದಿಗೂ ಪೂರ್ಣಗೊಂಡಿಲ್ಲ. ಅಧಿಸೂಚನೆಯ ಕೆಳಗೆ ಸಿಕ್ಕ ಜಮೀನನ್ನು ಮಾರಲಾಗದೆ, ಪರಿಹಾರವೂ ಕೈಗೆ ಬಾರದೆ ಕಾದ ರೈತರ ಎರಡು ದಶಕಗಳಿಗೆ ಯಾವ ಬಡ್ಡಿ ಹಾಕುವುದು?

ಒಂದು ಆಕ್ಷೇಪ

ದೊಡ್ಡ ನಗರಗಳೆಲ್ಲ ದುಬಾರಿಯೇ, ಆದರೂ ಜನ ಬರುತ್ತಲೇ ಇದ್ದಾರಲ್ಲ ಎನ್ನುವವರಿದ್ದಾರೆ. 1951ರ ಜನಗಣತಿಯಲ್ಲಿ ಎಂಟು ಲಕ್ಷವೂ ಇಲ್ಲದ ಊರು 2011ರ ಗಣತಿಯಲ್ಲಿ 84 ಲಕ್ಷ ದಾಟಿತು. ಬದುಕು ಅಷ್ಟು ಅಸಹನೀಯವಾಗಿದ್ದರೆ ಇಷ್ಟು ಜನ ಏಕೆ ಬರುತ್ತಾರೆ? ಪ್ರಶ್ನೆ ಸರಿಯಾಗಿಯೇ ಇದೆ. ನಗರ ಕೊಡುವ ಉದ್ಯೋಗ, ವಿದ್ಯೆ, ಜಾತಿಯ ಕಟ್ಟುಪಾಡುಗಳಿಂದ ತುಸು ಬಿಡುಗಡೆ, ಇವುಗಳಿಗೆ ಬೆಲೆಯಿದೆ. ಹಳ್ಳಿಯಿಂದ ಬಂದವನಾಗಿ ನಾನು ಅದನ್ನು ಬಲ್ಲೆ. ಯಾದಗಿರಿಯ ಆ ಹೆಣ್ಣುಮಗಳೂ ಬಲ್ಲಳು. ಊರಿನಲ್ಲಿ ವರ್ಷವಿಡೀ ಕೂಲಿ ಸಿಕ್ಕಿದ್ದರೆ ಅವಳು ಇಲ್ಲಿಗೆ ಬರುತ್ತಿರಲಿಲ್ಲ.

ಆದರೆ ಜನ ಬರುತ್ತಾರೆ ಎಂಬುದು ವ್ಯವಸ್ಥೆ ಸರಿಯಾಗಿದೆ ಎಂಬುದಕ್ಕೆ ಪುರಾವೆಯಲ್ಲ, ಬೇರೆಡೆ ಅವಕಾಶ ಇಲ್ಲ ಎಂಬುದಕ್ಕೆ ಪುರಾವೆ. ರಾಜ್ಯದ ಉದ್ಯೋಗವೆಲ್ಲ ಒಂದೇ ಊರಿನಲ್ಲಿ ಗುಡ್ಡೆ ಬಿದ್ದಿರುವಾಗ ಕಲಬುರಗಿಯವರಿಗೂ ಹಾಸನದವರಿಗೂ ಆಯ್ಕೆ ಎಂಬುದು ಹೆಸರಿಗಷ್ಟೆ. ನಗರ ಕೊಡುವ ಹೆಚ್ಚಿನ ಸಂಬಳವನ್ನು ನಗರದ ಅವ್ಯವಸ್ಥೆಯೇ ಕಿತ್ತುಕೊಳ್ಳುವುದಾದರೆ ವಲಸೆಯಿಂದ ಬರಬೇಕಾದ ಏಳಿಗೆ ಬರುವುದಿಲ್ಲ. ಊರಿಗೆ ಕಳುಹಿಸಬೇಕಾದ ಹಣ ಟ್ಯಾಂಕರಿಗೆ ಹೋಗುತ್ತದೆ. ಮಗಳ ಓದಿಗೆ ಇಡಬೇಕಾದದ್ದು ಮುಂಗಡಕ್ಕೆ ಹೋಗುತ್ತದೆ. ಹೀಗೆ ಬೆಂಗಳೂರಿನ ಸಮಸ್ಯೆ ಬೆಂಗಳೂರಿನದಷ್ಟೇ ಆಗಿ ಉಳಿಯುವುದಿಲ್ಲ.

ಮಾಡಬೇಕಾದದ್ದು

ಹಾಗಾದರೆ ಮಾಡಬೇಕಾದದ್ದೇನು? ರಸೀದಿ ಇಲ್ಲದ ತೆರಿಗೆಯನ್ನು ರಸೀದಿ ಇರುವ ತೆರಿಗೆಯಾಗಿ ಪರಿವರ್ತಿಸಬೇಕು. ಅದು ಅಪ್ರಿಯವಾದ ಮಾತು ಎಂದು ಗೊತ್ತು. ಕೊಳವೆ ನೀರಿನ ದರ ಅದನ್ನು ತರುವ ವೆಚ್ಚಕ್ಕೆ ಹತ್ತಿರವಿರಲಿ, ಬಡವರಿಗೆ ಬೇಕಾದ ಮೊದಲ ಪ್ರಮಾಣ ಮಾತ್ರ ಅಗ್ಗವಾಗಿರಲಿ. ಆ ಹಣದಿಂದ ಕೊಳವೆ ಇಲ್ಲದ ಮನೆಗಳಿಗೆ ಮೊದಲು ಸಂಪರ್ಕ ಸಿಗಲಿ. ಐದನೇ ಹಂತದ ನೀರು ಬಂದಿದೆ. ಆದರೆ ಸಂಪರ್ಕಕ್ಕೆ ಕಟ್ಟಬೇಕಾದ ಮೊತ್ತವನ್ನು ಒಂದೇ ಕಂತಿನಲ್ಲಿ ಹೊಂದಿಸಲಾರದವರು ಟ್ಯಾಂಕರಿನಲ್ಲಿಯೇ ಉಳಿಯುತ್ತಾರೆ. ಅವರಿಗೆ ಕಂತಿನ ಸೌಲಭ್ಯ ತಲುಪಬೇಕು. ಶೆಡ್ಡುಗಳಲ್ಲಿ ಇರುವವರಿಗೆ ಬೀದಿ ನಲ್ಲಿಯಾದರೂ ಬೇಕು.

ಮೆಟ್ರೊ ಮತ್ತು ವರ್ತುಲ ರಸ್ತೆಗಳಿಂದ ಬೆಲೆ ಏರಿದ ಭೂಮಿಯಿಂದ ಆ ಏರಿಕೆಯ ಒಂದು ಪಾಲನ್ನು ಸಾರ್ವಜನಿಕ ಬೊಕ್ಕಸಕ್ಕೆ ತರಬೇಕು. ನನ್ನಂತಹ ನಿವೇಶನದಾರರು ಇದಕ್ಕೆ ತಕರಾರು ಮಾಡಬಾರದು. ಹಾಂಗ್‌ಕಾಂಗ್‌ನ ಮೆಟ್ರೊ ಸಂಸ್ಥೆ ನಿಲ್ದಾಣಗಳ ಸುತ್ತಲಿನ ಭೂಮಿಯ ಅಭಿವೃದ್ಧಿಯಿಂದ ಬಂದ ಆದಾಯವನ್ನು ಮಾರ್ಗ ನಿರ್ಮಾಣಕ್ಕೆ ಬಳಸಿದೆ. ಆ ಹಣ ಬಂದರೆ ಪ್ರಯಾಣ ದರದ ಮೇಲಿನ ಭಾರ ಇಳಿಯುತ್ತದೆ. ರಸ್ತೆಬದಿಯ ನಿಲುಗಡೆಗೆ ಶುಲ್ಕ ವಿಧಿಸಿ, ಅದನ್ನು ಬಸ್ಸು ಕೊಳ್ಳಲು ಮತ್ತು ಪಾದಚಾರಿ ಮಾರ್ಗ ಸರಿಪಡಿಸಲು ಮೀಸಲಿಡಬೇಕು. ಬಾಡಿಗೆ ಮುಂಗಡಕ್ಕೆ ಎರಡು ಅಥವಾ ಮೂರು ತಿಂಗಳ ಮಿತಿ ಹಾಕಿ, ಬಾಡಿಗೆ ವ್ಯಾಜ್ಯಗಳು ಬೇಗ ಇತ್ಯರ್ಥವಾಗುವ ವ್ಯವಸ್ಥೆಯನ್ನೂ ಜೊತೆಯಲ್ಲಿಯೇ ತರಬೇಕು. ಮನೆ ಮಾಲೀಕರ ಭಯಕ್ಕೂ ಕಾರಣವಿದೆ. ಅದನ್ನು ನಿವಾರಿಸದೆ ಮಿತಿಯೊಂದನ್ನೇ ಹೇರಿದರೆ ಹಣ ಮೇಜಿನ ಕೆಳಗಿನಿಂದ ಕೈ ಬದಲಾಯಿಸುತ್ತದೆ.

ಇವೆಲ್ಲಕ್ಕೂ ಮೊದಲು ಆಗಬೇಕಾದದ್ದು ಒಂದಿದೆ. ತೆರಿಗೆ ಹೆಚ್ಚು ಕೊಡಿ ಎಂದು ಕೇಳುವ ಹಕ್ಕು ಬರುವುದು ಲೆಕ್ಕ ಒಪ್ಪಿಸುವವರಿಗೆ ಮಾತ್ರ. ಪಾಲಿಕೆ ಚುನಾವಣೆ ಐದು ವರ್ಷಕ್ಕೊಮ್ಮೆ ತಪ್ಪದೆ ನಡೆಯಬೇಕು, ವಿಧಾನಸಭಾ ಚುನಾವಣೆ ನಡೆಯುವಷ್ಟೇ ಖಚಿತವಾಗಿ. ವಾರ್ಡ್ ಸಮಿತಿ ಪ್ರತಿ ತಿಂಗಳು ಸೇರಬೇಕು. ಆ ವಾರ್ಡಿನಲ್ಲಿ ಎಷ್ಟು ತೆರಿಗೆ ಬಂತು, ಎಷ್ಟು ಖರ್ಚಾಯಿತು, ಯಾವ ಬೀದಿಗೆ ಕೊಳವೆ ಬಂತು, ಯಾವುದಕ್ಕೆ ಬರಲಿಲ್ಲ ಎಂಬುದನ್ನು ಕನ್ನಡದಲ್ಲಿ ಬರೆದು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಬೇಕು. ಇದಕ್ಕೆ ಹೊಸ ಪ್ರಾಧಿಕಾರ ಬೇಕಿಲ್ಲ, ವಿದೇಶಿ ಸಲಹೆಗಾರರೂ ಬೇಕಿಲ್ಲ.

ನಿವಾಸಿಗಳಾಗಿ ನಾವು ಮಾಡಬಹುದಾದದ್ದೂ ಇದೆ. ಪ್ರತಿ ಮನೆಯವರೂ ಒಂದು ತಿಂಗಳ ಮಟ್ಟಿಗೆ ಎರಡು ಕಾಲಂಗಳ ಲೆಕ್ಕ ಬರೆಯಲಿ. ಬೀದಿಯವರೆಲ್ಲ ಸೇರಿ ಅದನ್ನು ಕೂಡಲಿ. ಶೆಡ್ಡಿನಲ್ಲಿರುವವರ ಲೆಕ್ಕವನ್ನೂ ಅದರಲ್ಲಿ ಸೇರಿಸಲಿ. ಮತ ಕೇಳಿಕೊಂಡು ಬರುವ ಅಭ್ಯರ್ಥಿಯ ಮುಂದೆ ಆ ಮೊತ್ತವನ್ನಿಟ್ಟು, ಇದರಲ್ಲಿ ಐದು ವರ್ಷದೊಳಗೆ ಎಷ್ಟು ಕಡಿಮೆ ಮಾಡಿಸುತ್ತೀರಿ ಎಂದು ಕೇಳಲಿ. ಬೆಂಗಳೂರಿನ ಜನ ತೆರಿಗೆ ಕೊಡಲು ಹಿಂಜರಿಯುತ್ತಾರೆ ಎಂಬ ಮಾತನ್ನು ವಿಧಾನಸೌಧದ ಮೊಗಸಾಲೆಯಲ್ಲಿ ಬಹಳ ಸಲ ಕೇಳಿದ್ದೇನೆ. ಅವರು ಕೊಡುತ್ತಲೇ ಇದ್ದಾರೆ. ಅದು ಬೊಕ್ಕಸಕ್ಕೆ ತಲುಪುತ್ತಿಲ್ಲ, ಅಷ್ಟೇ.